ಬಿಂದುವಿನ ಬಲಗಡೆ

ಕಾರ್ಕಳದ ಬಳಿಯ ಮಿಯ್ಯಾರಿನಲ್ಲಿ ಲವ-ಕುಶ ಜೋಡುಕರೆ ಕಂಬಳ ನಡೆಯುವ ರಾತ್ರಿ ಸುತ್ತಲಿನ ಊರುಗಳಿಗೆ ನಿದ್ರೆಯಿಲ್ಲ. ವಿದ್ಯುದ್ದೀಪಗಳ ಬೆಳಕಿಗೆ ಕರೆಯ ಕೆಸರುನೀರು ಮಿರುಗುತ್ತದೆ. ಓಟ ಆರಂಭವಾಗುವ ಗಂತಿನಲ್ಲಿ ಕೋಣಗಳು ಬುಸುಗುಡುತ್ತ ನಿಲ್ಲುತ್ತವೆ. ಬಿಟ್ಟೊಡನೆ ನೀರು ಆಳೆತ್ತರ ಚಿಮ್ಮುತ್ತದೆ. ನೋಡುವವರು ಬಿಗಿಹಿಡಿದ ಉಸಿರನ್ನು ಬಿಡುವಷ್ಟರಲ್ಲಿ ಜೋಡಿಗಳೆರಡೂ ಓಟ ಮುಗಿಯುವ ಮಂಜೊಟ್ಟಿಯನ್ನು ಏರಿಬಿಡುತ್ತವೆ. ಗೆದ್ದವರಾರು ಎಂಬುದನ್ನು ಹಿಂದೆ ಕಣ್ಣು ಹೇಳುತ್ತಿತ್ತು. ಈಗ ಲೇಸರ್ ಕಿರಣ ಹೇಳುತ್ತದೆ. ಫಲಕದ ಮೇಲೆ ಅಂಕಿ ಮೂಡುತ್ತದೆ.

ಇಂಥದೊಂದು ರಾತ್ರಿ, ಅರುವತ್ತು ವರ್ಷಗಳಿಂದ ಕಂಬಳ ನೋಡುತ್ತ ಬಂದ ಅಜ್ಜರೊಬ್ಬರೂ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುವ ಅವರ ಮೊಮ್ಮಗನೂ ಕರೆಯ ದಂಡೆಯಲ್ಲಿ ಕುಳಿತಿದ್ದರೆಂದು ಇಟ್ಟುಕೊಳ್ಳಬಹುದು. ಅಜ್ಜರ ಮೆಚ್ಚಿನ ಜೋಡಿ ಸೋತಿದೆ. ಸೋತದ್ದಾದರೂ ಎಷ್ಟರಿಂದ? ಒಂದು ಸೆಕೆಂಡನ್ನು ನೂರು ಪಾಲು ಮಾಡಿದರೆ ಅದರಲ್ಲಿ ನಾಲ್ಕೇ ಪಾಲಿನಿಂದ.

“ನಮ್ಮ ಕಾಲದಲ್ಲಿ ಯಾವ ಕೋಣದ ಮೂಗು ಮುಂದೆ ಎಂದು ನೋಡಿದರೆ ಮುಗಿಯಿತು. ಈಗ ಬಿಂದುವಿನ ಬಲಗಡೆ ಎರಡೆರಡು ಅಂಕಿ! ಅಷ್ಟು ಹೊತ್ತಿನಲ್ಲಿ ಕೋಣ ಮಾಡುವುದಾದರೂ ಏನು ಮಗಾ?” ಎಂದು ಅಜ್ಜ ಕೇಳುತ್ತಾರೆ.

“ಒಂದು ಪಾಲಿಗೆ ಅರ್ಧ ಗೇಣು ಮುಂದೆ ಹೋಗುತ್ತದೆ ಅಜ್ಜ. ನಾಲ್ಕು ಪಾಲೆಂದರೆ ಎರಡು ಗೇಣು,” ಎನ್ನುತ್ತಾನೆ ಹುಡುಗ.

ಅಜ್ಜರು ತಮ್ಮ ಅಂಗೈಯನ್ನು ಬಿಡಿಸಿ ನೋಡಿಕೊಂಡು ಸುಮ್ಮನಾಗುತ್ತಾರೆ. ಎರಡು ಗೇಣು ಎಂದರೆ ಸೋಲೇ ಸರಿ.

ಹುಡುಗನ ಲೆಕ್ಕ ತಪ್ಪಲ್ಲ. ಚುರುಕಾದ ಕೋಣಗಳು ಸೆಕೆಂಡಿಗೆ ಹತ್ತು ಮೀಟರಿಗೂ ಮಿಗಿಲಾಗಿ ಓಡುತ್ತವೆ. ಆ ವೇಗದಲ್ಲಿ ಸೆಕೆಂಡಿನ ಹತ್ತನೆಯ ಒಂದು ಪಾಲಿಗೆ ಒಂದು ಮೀಟರ್, ನೂರನೆಯ ಪಾಲಿಗೆ ಹತ್ತು ಸೆಂಟಿಮೀಟರ್, ಸಾವಿರದ ಪಾಲಿಗೆ ಕಿರುಬೆರಳಿನಷ್ಟು ಅಗಲ. ಸೆಕೆಂಡುಗಳನ್ನಷ್ಟೇ ತೋರಿಸುವ ಗಡಿಯಾರವು ಇಲ್ಲಿ ಹತ್ತು ಮೀಟರ್ ಅಂತರದ ಎರಡು ಜೋಡಿಗಳನ್ನು ಸಮ ಎಂದು ಸಾರಿಬಿಟ್ಟೀತು; ಅಂಥ ತೀರ್ಪು ಕೊಟ್ಟವನು ಕರೆಯಿಂದ ಮನೆಗೆ ಸುಖವಾಗಿ ಮರಳುವುದು ಕಷ್ಟ.

ಸೆಕೆಂಡಿನ ಒಳಹೊಕ್ಕು ಎಣಿಸುವ ಹವ್ಯಾಸ ಹೊಸತೇನೂ ಅಲ್ಲ. ಉಡುಪಿಯ ಮನೆಗಳಲ್ಲಿ ಮೊಳೆಗೆ ತೂಗುಬಿದ್ದಿರುವ ಪಂಚಾಂಗವನ್ನು ತೆರೆದರೆ ತಿಥಿ ನಕ್ಷತ್ರಗಳ ಎದುರಿಗೆ ಗಳಿಗೆ ವಿಗಳಿಗೆಗಳ ಅಂಕಿಗಳು ಕಾಣುತ್ತವೆ. ದಿನಕ್ಕೆ ಅರುವತ್ತು ಗಳಿಗೆ. ಒಂದು ಗಳಿಗೆಗೆ 24 ನಿಮಿಷ. ಗಳಿಗೆಗೆ ಅರುವತ್ತು ವಿಗಳಿಗೆ. ಒಂದು ವಿಗಳಿಗೆಗೆ 24 ಸೆಕೆಂಡು. ತಳದಲ್ಲಿ ಸಣ್ಣ ರಂಧ್ರವಿರುವ ತಾಮ್ರದ ಗಳಿಗೆ ಬಟ್ಟಲನ್ನು ನೀರಿನಲ್ಲಿ ತೇಲಿಬಿಟ್ಟು, ಅದು ಮುಳುಗಿದಾಗ ಒಂದು ಗಳಿಗೆ ಎಂದು ಎಣಿಸಿ ಮುಹೂರ್ತ ನಿಶ್ಚಯಿಸುತ್ತಿದ್ದ ಕಾಲವಿತ್ತು. ಆದರೆ ಶಾಸ್ತ್ರಜ್ಞರು ಅಲ್ಲಿಗೇ ನಿಲ್ಲಲಿಲ್ಲ. ವಿಗಳಿಗೆಯೊಂದು ಅರುವತ್ತು ಗುರ್ವಕ್ಷರಗಳಿಗೆ ಸಮ ಎಂದು ಆರ್ಯಭಟನು ಹೇಳಿದ್ದಾನೆ. ದೀರ್ಘಾಕ್ಷರವೊಂದನ್ನು ಉಚ್ಚರಿಸಲು ಹಿಡಿಯುವ ಕಾಲವದು. ಇಂದಿನ ಲೆಕ್ಕದಲ್ಲಿ 0.4 ಸೆಕೆಂಡು. ಬಟ್ಟಲು ಅಳೆಯಲಾರದ ಕಾಲವನ್ನು ಮಂತ್ರ ಹೇಳುವವರ ನಾಲಗೆ ಅಳೆಯುತ್ತಿತ್ತು!

ಈ 0.4 ಸೆಕೆಂಡು ಕಂಬಳದ ಕರೆಯಲ್ಲಿಯೂ ಬಂದು ಕಾಡುತ್ತದೆ. ಗಂತಿನಲ್ಲಿ ಕೇಳಿದ ಕೂಗನ್ನು ಮಂಜೊಟ್ಟಿಯಲ್ಲಿ ನಿಂತವನು ಆ ಕ್ಷಣದಲ್ಲಿಯೇ ಕೇಳುವುದಿಲ್ಲ. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ, ನೂರನಾಲ್ವತ್ತು ಮೀಟರ್ ಕರೆಯನ್ನು ದಾಟಲು ಅದಕ್ಕೆ ಒಂದು ಗುರ್ವಕ್ಷರದಷ್ಟು ಕಾಲ ಬೇಕು. ಕಿವಿಯನ್ನು ನಂಬಿ ಗುಂಡಿ ಒತ್ತಿದವನ ಕೈಗಡಿಯಾರವು ಓಟದ ಮೊದಲ 0.4 ಸೆಕೆಂಡನ್ನು ಕದ್ದುಬಿಡುತ್ತದೆ. ಕೋಣಗಳು ತಮ್ಮ ವೇಗಕ್ಕೆ ನಾಲ್ಕು ಮೀಟರ್ ಬಿಟ್ಟಿ ಲಾಭ ಪಡೆಯುತ್ತವೆ. ಕಣ್ಣು ಕೈಗಳ ನಡುವಿನ ತಡವೂ ಬೇರೆ ಇದೆ; ಚುರುಕಾದ ಮನುಷ್ಯನಿಗೂ ಅದು ಸೆಕೆಂಡಿನ ಐದನೆಯ ಒಂದು ಪಾಲಿನಷ್ಟಾದರೂ ಉಂಟು. ಆದುದರಿಂದಲೇ ಓಟದ ಕ್ರೀಡೆಗಳಲ್ಲಿ ಕೈಯಿಂದ ಅಳೆದ ಕಾಲವನ್ನು ನೂರಂಶಕ್ಕೆ ಬರೆಯುವ ಪದ್ಧತಿಯಿಲ್ಲ. ಹತ್ತನೆಯ ಪಾಲಿಗೆ, ಅದೂ ಮೇಲಕ್ಕೆ ಏರಿಸಿ ಬರೆಯುತ್ತಾರೆ. ಗಡಿಯಾರ ಎರಡು ಅಂಕಿ ತೋರಿಸಿದರೂ ಒಂದನ್ನು ಬರೆಯದೆ ಬಿಡುವುದು ದೊಡ್ಡ ಪ್ರಾಮಾಣಿಕತೆಯೇ ಸರಿ.

2020ರ ಫೆಬ್ರವರಿಯಲ್ಲಿ ಈ ಅಂಕಿಗಳ ಮಹಿಮೆ ಲೋಕಕ್ಕೆಲ್ಲ ತಿಳಿಯಿತು. ಆ ತಿಂಗಳ 1ರಂದು ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಉದ್ದದ ಕರೆಯನ್ನು 13.62 ಸೆಕೆಂಡುಗಳಲ್ಲಿ ಓಡಿದರೆಂದು ಪತ್ರಿಕೆಗಳಲ್ಲಿ ಬಂತು. ಯಾರೋ ಭಾಗಾಕಾರ ಮಾಡಿದರು: ನೂರು ಮೀಟರಿಗೆ 9.55 ಸೆಕೆಂಡು! 2009ರಲ್ಲಿ ಬರ್ಲಿನ್ ನಗರದಲ್ಲಿ ಉಸೇನ್ ಬೋಲ್ಟ್ ಸ್ಥಾಪಿಸಿದ ವಿಶ್ವದಾಖಲೆ 9.58. ಮೂರು ನೂರಂಶದ ಈ ಅಂತರ ದೇಶವನ್ನೇ ಕುಣಿಸಿತು. ಕೇಂದ್ರದ ಕ್ರೀಡಾ ಮಂತ್ರಿಗಳಿಂದಲೂ ಆಹ್ವಾನ ಬಂತು. ಅದೇ ತಿಂಗಳಲ್ಲಿ ಕಾರ್ಕಳ ತಾಲ್ಲೂಕಿನ ಬಜಗೋಳಿಯ ನಿಶಾಂತ್ ಶೆಟ್ಟಿಯವರು ವೇಣೂರಿನ ಕಂಬಳದಲ್ಲಿ ಅದನ್ನೂ ಮೀರಿಸಿದರೆಂಬ ಸುದ್ದಿ ಹರಡಿತು.

ಸಂಭ್ರಮದ ನಡುವೆ ಪೆನ್ಸಿಲ್ ಹಿಡಿದು ಕುಳಿತವರು ಕಡಮೆ. 13.62ನ್ನು 142.5ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವುದು 9.557 ಮತ್ತು ಚಿಲ್ಲರೆ. ಬಾಲವನ್ನು ಕತ್ತರಿಸಿದರೆ 9.55, ಕ್ರೀಡಾನಿಯಮದಂತೆ ಮೇಲಕ್ಕೆ ಏರಿಸಿದರೆ 9.56. ಅದೂ ಹೋಗಲಿ; ಕೆಸರುಗದ್ದೆಯ ಕರೆಯ ಉದ್ದ 142.5 ಮೀಟರಿಗೆ ಬದಲಾಗಿ ಸರಿಯಾಗಿ 142 ಮೀಟರ್ ಇದ್ದಿದ್ದರೆ? ಅರ್ಧ ಮೀಟರ್, ಎಂದರೆ ಒಂದು ಮೊಳ ಮಾತ್ರ. ಆಗ ಉತ್ತರ 9.59. ವಿಶ್ವದಾಖಲೆಗಿಂತ ಒಂದು ನೂರಂಶ ನಿಧಾನ! ಕಾಲವನ್ನು ನೂರಂಶಕ್ಕೆ ಅಳೆದು ದೂರವನ್ನು ಅರ್ಧ ಮೀಟರಿಗೆ ಅಳೆದಾಗ, ಕಾಲದ ಕೊನೆಯ ಅಂಕಿಗೆ ಯಾವ ಬೆಲೆಯೂ ಉಳಿಯುವುದಿಲ್ಲ. ಗೌಡರಿಗೆ ಇದು ಲೆಕ್ಕವಿಲ್ಲದೆಯೇ ತಿಳಿದಿತ್ತೆಂದು ತೋರುತ್ತದೆ. ಕಂಬಳದಲ್ಲಿ ಓಡುವುದು ಹಿಮ್ಮಡಿಯ ಬಲದಿಂದ, ಟ್ರ್ಯಾಕಿನಲ್ಲಿ ಓಡುವುದು ಕಾಲ್ಬೆರಳುಗಳ ಬಲದಿಂದ, ಎರಡೂ ಬೇರೆ ಬೇರೆ ಎಂಬ ಅರ್ಥದ ಮಾತನ್ನು ಹೇಳಿ ಅವರು ಪರೀಕ್ಷಾ ಓಟದಿಂದ ಹಿಂದೆ ಸರಿದರು.

ಇತ್ತ ಹುಡುಗ ಮಣಿಪಾಲಕ್ಕೆ ಮರಳುತ್ತಾನೆ. ಅಜ್ಜನ ಮಾತು ತಲೆಯಲ್ಲಿ ಕೊರೆಯುತ್ತಿದೆ. ಗಣಕಯಂತ್ರದ ಮುಂದೆ ಕುಳಿತು ಕೀಲಿಮಣೆಯಲ್ಲಿ ‘ಡೇಟ್’ ಎಂಬ ನಾಲ್ಕು ಅಕ್ಷರಗಳ ಇಂಗ್ಲಿಷ್ ಆಜ್ಞೆಯನ್ನು ಒತ್ತುತ್ತಾನೆ. ವಾರ, ತಿಂಗಳು, ತಾರೀಕು, ಗಂಟೆ, ನಿಮಿಷ, ಸೆಕೆಂಡು ಎಲ್ಲವೂ ಒಂದೇ ಸಾಲಿನಲ್ಲಿ ಮೂಡುತ್ತವೆ. ಸೆಕೆಂಡಿನ ಆಚೆಗೆ ಏನೂ ಇಲ್ಲ.

ಏಕಿಲ್ಲ ಎಂಬುದರ ಹಿಂದೆ ಒಂದು ಸ್ವಾರಸ್ಯವಾದ ಕಥೆಯಿದೆ. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ರೂಪಿಸಿದ ಯುನಿಕ್ಸ್ ವ್ಯವಸ್ಥೆಯ ಮೊದಲ ಕೈಪಿಡಿ 1971ರಲ್ಲಿ ಹೊರಬಂದಿತು. ಆ ಯಂತ್ರ ಕಾಲವನ್ನು ಎಣಿಸುತ್ತಿದ್ದುದು ಸೆಕೆಂಡುಗಳಲ್ಲಿ ಅಲ್ಲ, ಸೆಕೆಂಡಿನ ಅರುವತ್ತನೆಯ ಪಾಲುಗಳಲ್ಲಿ! ಅಲ್ಲಿನ ವಿದ್ಯುತ್ತು ಸೆಕೆಂಡಿಗೆ ಅರುವತ್ತು ಬಾರಿ ಮಿಡಿಯುತ್ತಿದ್ದುದೇ ಅದಕ್ಕೆ ಕಾರಣ. ಆದರೆ ಎಣಿಕೆಯನ್ನು ಇಡಲು ಇದ್ದ ಜಾಗ ಇಕ್ಕಟ್ಟು: ಎರಡೇ ಅಂಕಿಗಳ ಭಾಷೆಯಲ್ಲಿ ಮೂವತ್ತೆರಡು ಮನೆಗಳು. ತುಳುನಾಡಿನ ಅಕ್ಕಿಯ ಲೆಕ್ಕ ಬಲ್ಲವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಮುಡಿಗಳಲ್ಲಿ ಎಣಿಸಿದರೆ ವರ್ಷದ ಫಸಲೆಲ್ಲ ಪುಸ್ತಕದ ಒಂದು ಸಾಲಿನಲ್ಲಿ ಅಡಗುತ್ತದೆ. ಕಾಳುಗಳಲ್ಲಿ ಎಣಿಸಹೊರಟರೆ ಪುಟವೇ ಸಾಲದು. ಅರುವತ್ತನೆಯ ಪಾಲುಗಳಲ್ಲಿ ಎಣಿಸುತ್ತ ಹೋದಂತೆ ಮೂವತ್ತೆರಡು ಮನೆಗಳೂ 828 ದಿನಗಳಲ್ಲಿ, ಎರಡೂಕಾಲು ವರ್ಷದಲ್ಲಿ, ಭರ್ತಿಯಾಗಿಬಿಡುತ್ತಿದ್ದವು. ನಿರ್ಮಾಪಕರು ಕೊನೆಗೆ ಸೂಕ್ಷ್ಮತೆಯನ್ನು ಕೈಬಿಟ್ಟು ಆಯುಸ್ಸನ್ನು ಆರಿಸಿಕೊಂಡರು. 1970ರ ಜನವರಿ 1ರಿಂದ ಇಡಿಯ ಸೆಕೆಂಡುಗಳ ಎಣಿಕೆ ಎಂಬುದು ಸ್ಥಿರವಾಯಿತು. ಆ ಎಣಿಕೆಯ ಸೊನ್ನೆಯು ಉಡುಪಿಯಲ್ಲಿ ಗುರುವಾರದ ಬೆಳಗಿನ ಐದೂವರೆ ಗಂಟೆ.

ತಾರೀಕೊಂದೇ ಸಾಕಾಗಿದ್ದ ವ್ಯವಹಾರಗಳೂ ಇದ್ದವು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮಣಿಪಾಲದಲ್ಲಿ ನೆಲೆಯೂರಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿದಾಗ, ಮನೆಮನೆಗೆ ಬಂದು ಎರಡಾಣೆ ಪಡೆದವರು ಪುಸ್ತಕದಲ್ಲಿ ದಿನವನ್ನಷ್ಟೇ ಬರೆದುಕೊಳ್ಳುತ್ತಿದ್ದರು. ಗಂಟೆ ಎಷ್ಟೆಂದು ಕೇಳಿದವರಿಲ್ಲ. 2020ರ ಏಪ್ರಿಲ್ 1ರಂದು ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಇಂದು ಅದೇ ಪೇಟೆಯ ತರಕಾರಿ ಅಂಗಡಿಯವನ ಫೋನಿಗೆ ಒಂದೇ ಸೆಕೆಂಡಿನಲ್ಲಿ ಇಬ್ಬರ ಹಣ ಬಂದು ಬೀಳುವುದುಂಟು. ಯಾರದು ಮೊದಲು ಎಂಬುದನ್ನು ಸೆಕೆಂಡು ಹೇಳಲಾರದು. ವೈದ್ಯರ ಹೃದಯಲೇಖನದ ಕಾಗದದಲ್ಲಂತೂ ಒಂದು ಸಣ್ಣ ಚೌಕವೇ 0.04 ಸೆಕೆಂಡು.

ಹೀಗಾಗಿ, ಒಮ್ಮೆ ಬಿಟ್ಟುಕೊಟ್ಟ ಸೆಕೆಂಡಿನ ಒಳಭಾಗ ಮತ್ತೆ ಬೇಕಾಯಿತು. ಈ ಸಲ ಹಳೆಯ ಎಣಿಕೆಯನ್ನು ಮುಟ್ಟದೆ ಪಕ್ಕದಲ್ಲಿ ಇನ್ನೊಂದು ಪೆಟ್ಟಿಗೆಯನ್ನು ಇಟ್ಟರು. ಮೊದಲ ಪೆಟ್ಟಿಗೆಯಲ್ಲಿ ಇಡಿಯ ಸೆಕೆಂಡುಗಳು. ಎರಡನೆಯದರಲ್ಲಿ ನ್ಯಾನೋಸೆಕೆಂಡುಗಳು, ಎಂದರೆ ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಬರುವ ಕಾಳುಗಳು. ಲಿನಕ್ಸ್ ಯಂತ್ರಗಳಲ್ಲಿ ಬಳಕೆಯಲ್ಲಿರುವ ಗ್ನೂ ಬಳಗದ ಡೇಟ್ ಆಜ್ಞೆಗೆ ಶೇಕಡಾ ಚಿಹ್ನೆಯೊಡನೆ ದೊಡ್ಡ ‘ಎನ್’ ಅಕ್ಷರವನ್ನು ಸೇರಿಸಿದರೆ ಆ ಒಂಬತ್ತು ಅಂಕಿಗಳು ಮೂಡುತ್ತವೆ. ಯುನಿಕ್ಸಿನದೇ ಇನ್ನೊಂದು ಕವಲಾದ ಫ್ರೀಬಿಎಸ್‌ಡಿಯಲ್ಲಿ ಬಹುಕಾಲ ಈ ಸೌಲಭ್ಯ ಇರಲಿಲ್ಲ. ಅಲ್ಲಿ ಹಾಗೆ ಕೇಳಿದವರಿಗೆ ಅಂಕಿಗಳ ಬದಲು ‘ಎನ್’ ಎಂಬ ಅಕ್ಷರವೇ ಮರಳಿ ಬರುತ್ತಿತ್ತು. ಹೆಸರು ಕೇಳಿದರೆ ಪ್ರಶ್ನೆಯನ್ನೇ ಒಪ್ಪಿಸುವ ಪುಟ್ಟ ಮಕ್ಕಳಂತೆ. 2024ರಲ್ಲಿ ಬಂದ 14.1ನೆಯ ಆವೃತ್ತಿಯಲ್ಲಿ ಆ ಕೊರತೆ ನೀಗಿತು.

ಕೇಳುವವರಿಗೆ ಇದು ಒಂದು ಅಕ್ಷರವನ್ನು ಸೇರಿಸುವ ಸಣ್ಣ ಕೆಲಸವೆನಿಸಬಹುದು. ಮಾಡಹೊರಟವನಿಗೆ ಗುಂಡಿಗಳು ಒಂದೆರಡಲ್ಲ.

ಮೊದಲನೆಯದು ಎರಡು ಸಲ ಕೇಳುವ ದೋಷ. ಗೋಡೆ ಗಡಿಯಾರ ಒಂಬತ್ತು ಗಂಟೆ ಐವತ್ತೊಂಬತ್ತು ನಿಮಿಷ ತೋರಿಸುತ್ತಿರುವಾಗ ಅಡುಗೆಮನೆಯಿಂದ ತಾಯಿ “ಗಂಟೆ ಎಷ್ಟು?” ಎಂದು ಕೂಗುತ್ತಾರೆ. “ಒಂಬತ್ತು” ಎಂದು ಮಗಳ ಉತ್ತರ. ಒಗ್ಗರಣೆ ಹಾಕಿ ಮುಗಿಸಿ “ನಿಮಿಷ?” ಎನ್ನುತ್ತಾರೆ. ಅಷ್ಟರಲ್ಲಿ ಮುಳ್ಳು ಹನ್ನೆರಡಕ್ಕೆ ಬಂದಿದೆ. “ಸೊನ್ನೆ” ಎನ್ನುತ್ತಾಳೆ ಮಗಳು. ಎರಡು ಉತ್ತರಗಳೂ ಸತ್ಯ. ಕೂಡಿಸಿದರೆ ಒಂಬತ್ತು ಗಂಟೆ, ಪೂರ್ತಿ ಒಂದು ಗಂಟೆಯ ಸುಳ್ಳು! ಸೆಕೆಂಡನ್ನು ಒಮ್ಮೆ, ಅದರ ಒಳಭಾಗವನ್ನು ಇನ್ನೊಮ್ಮೆ ಓದುವ ಕಾರ್ಯಕ್ರಮ ಮಾಡುವುದೂ ಇದನ್ನೇ. ಎರಡು ಪೆಟ್ಟಿಗೆಗಳನ್ನೂ ಒಂದೇ ನೋಟದಲ್ಲಿ ಓದಬೇಕು.

ಇನ್ನು ಸೊನ್ನೆಗಳ ವಿಷಯ. ಐದು ಸಾವಿರಾಂಶ ಎಂಬುದು ಎರಡನೆಯ ಪೆಟ್ಟಿಗೆಯಲ್ಲಿ 50 ಲಕ್ಷ ಕಾಳುಗಳಾಗಿ ಇರುತ್ತದೆ. ಅದನ್ನು ಹಾಗೆಯೇ ತಂದು ಬಿಂದುವಿನ ಬಲಕ್ಕೆ ಅಂಟಿಸಿದರೆ 13.005 ಆಗಬೇಕಾದುದು 13.5 ಆಗುತ್ತದೆ, ಕಂಬಳದ ಲೆಕ್ಕದಲ್ಲಿ ಗೆದ್ದ ಜೋಡಿ ಐದು ಮೀಟರ್ ಹಿಂದೆ ಬೀಳುತ್ತದೆ. ಎಡಕ್ಕೆ ಸೊನ್ನೆಗಳನ್ನು ತುಂಬಿ ಒಂಬತ್ತು ಅಂಕಿಗಳನ್ನೂ ಬರೆಯಲೇಬೇಕು. ಶಾಲೆಯಲ್ಲಿ ಎಡಗಡೆಯ ಸೊನ್ನೆಗೆ ಬೆಲೆಯಿಲ್ಲವೆಂದು ಕಲಿತವರಿಗೆ ಬಿಂದುವಿನ ಬಲಗಡೆ ಬೇರೊಂದು ರಾಜ್ಯಭಾರ.

ಚಿಲ್ಲರೆಯನ್ನು ಮೇಲಕ್ಕೆ ಏರಿಸುವ ಕ್ರೀಡಾಂಗಣದ ನಿಯಮವೂ ಇಲ್ಲಿ ನಡೆಯದು. 59.9996 ಸೆಕೆಂಡನ್ನು ಮೂರು ಅಂಕಿಗಳಿಗೆ ಏರಿಸಿದರೆ 60.000 ಎಂದಾಗುತ್ತದೆ, ಆಗ ನಿಮಿಷ, ಗಂಟೆ, ಡಿಸೆಂಬರ್ 31ರ ರಾತ್ರಿಯಾದರೆ ವರ್ಷವೂ ಬದಲಾಗಬೇಕಾದೀತು. ಇನ್ನೂ ಬಾರದ ಹೊಸ ವರ್ಷವನ್ನು ಗಡಿಯಾರ ಘೋಷಿಸಬಾರದಷ್ಟೆ! ಆದುದರಿಂದ ಡೇಟ್ ಬಾಲವನ್ನು ಕತ್ತರಿಸುತ್ತದೆ, ಏರಿಸುವುದಿಲ್ಲ. ಹಾಗೆಯೇ, ಯಾರೂ ಕೇಳದೆ ಈ ಹೊಸ ಅಂಕಿಗಳನ್ನು ತೋರಿಸುವಂತೆಯೂ ಇಲ್ಲ. ಹಳೆಯ ಸಾಲನ್ನು ನೆಚ್ಚಿ ಬರೆದ ಕಾರ್ಯಕ್ರಮಗಳು ಜಗತ್ತಿನ ತುಂಬ ಇವೆ. ಅವು ಅನಿರೀಕ್ಷಿತವಾದ ಒಂಬತ್ತು ಅಂಕಿಗಳನ್ನು ಕಂಡು ಮುಗ್ಗರಿಸುತ್ತವೆ.

ಈ ಎಲ್ಲ ಗುಂಡಿಗಳನ್ನು ದಾಟಿದ ಹುಡುಗನ ಪರದೆಯ ಮೇಲೆ ಈಗ ಒಂಬತ್ತು ಅಂಕಿಗಳು ಥಳಥಳಿಸುತ್ತಿವೆ. ಅವು ನಿಜವೇ?

ಒಂದು ನ್ಯಾನೋಸೆಕೆಂಡಿನಲ್ಲಿ ಬೆಳಕು ಸಾಗುವುದು ಮೂವತ್ತು ಸೆಂಟಿಮೀಟರ್, ಸುಮಾರು ಒಂದು ಅಡಿ. 1901ರಲ್ಲಿ ಕಾಪುವಿನ ಕಡಲ ಬಂಡೆಯ ಮೇಲೆ ಕಟ್ಟಿದ ದೀಪಸ್ತಂಭದ ಬೆಳಕು ಮೂವತ್ತು ಕಿಲೋಮೀಟರ್ ದೂರದ ದೋಣಿಯನ್ನು ಮುಟ್ಟಲು ಸೆಕೆಂಡಿನ ಹತ್ತು ಸಾವಿರದ ಒಂದು ಪಾಲು ಸಾಕು. ದೋಣಿಯವನು ಎಣಿಸುವುದು ಮಿಂಚಿಗೂ ಮಿಂಚಿಗೂ ನಡುವಿನ ಸೆಕೆಂಡುಗಳನ್ನು. ಅಷ್ಟರಿಂದಲೇ ಇದು ಯಾವ ಊರಿನ ದೀಪವೆಂದು ಗುರುತಿಸಿ ಮನೆ ಸೇರುತ್ತಾನೆ. ಗಣಕಯಂತ್ರಕ್ಕಾದರೋ ಡೇಟ್ ಆಜ್ಞೆಯನ್ನು ಎಬ್ಬಿಸಿ ನಿಲ್ಲಿಸಲಿಕ್ಕೇ ಸೆಕೆಂಡಿನ ಸಾವಿರದ ಒಂದು ಪಾಲು ಹಿಡಿಯಬಹುದು. ಉತ್ತರ ಪರದೆಗೆ ಬರುವ ಹೊತ್ತಿಗೆ ಕೊನೆಯ ಆರು ಅಂಕಿಗಳು ಹಳಸಿರುತ್ತವೆ.

ಗಡಿಯಾರವೂ ಅಂಥದೇ. ಸಾಮಾನ್ಯ ಯಂತ್ರದೊಳಗಿನ ಸ್ಫಟಿಕವು ದಿನಕ್ಕೆ ಸೆಕೆಂಡಿನಷ್ಟು ಅತ್ತಿತ್ತ ಸರಿಯುವುದು ಹೊಸತಲ್ಲ. ಜಾಲದ ಮೂಲಕ ಪ್ರಮಾಣ ಗಡಿಯಾರಗಳನ್ನು ಕೇಳಿ ಅದು ತನ್ನನ್ನು ತಿದ್ದಿಕೊಳ್ಳುತ್ತಿರುತ್ತದೆ. ದೆಹಲಿಯ ರಾಷ್ಟ್ರೀಯ ಭೌತಶಾಸ್ತ್ರ ಪ್ರಯೋಗಾಲಯ ಕಾಪಾಡುವ ಭಾರತೀಯ ಕಾಲಮಾನವನ್ನು ಕೇಳಿದರೂ ಉತ್ತರ ದಾರಿಯಲ್ಲಿ ಬರುವ ತಡದಿಂದ ಕೆಲವು ಸಾವಿರಾಂಶಗಳ ಸಂಶಯ ಉಳಿಯುತ್ತದೆ. ಅಂದಹಾಗೆ ಸೂರ್ಯನನ್ನೇ ಕೇಳಿದರೆ ಗೊಂದಲ ಇನ್ನೂ ಹೆಚ್ಚು: ಕಾರ್ಕಳದ ನೆತ್ತಿಗೆ ಬಂದ ಸೂರ್ಯ ಕಾಪುವಿನ ನೆತ್ತಿಗೆ ಬರಲು ಒಂದು ನಿಮಿಷ ಬೇಕು; ಮಣಿಪಾಲದಿಂದ ಉಡುಪಿಗೆ ಇಳಿಯಲು ಸುಮಾರು ಹತ್ತು ಸೆಕೆಂಡು! 1906ರಲ್ಲಿ ಬಂದ ಏಕಕಾಲಮಾನವು ಈ ಜಗಳವನ್ನು ಬದಿಗಿಟ್ಟಿತು.

ಓಟಕ್ಕೆ ಇಷ್ಟೆಲ್ಲ ಬೇಕಾಗಿಯೂ ಇಲ್ಲ ಎಂಬುದನ್ನು ಹುಡುಗ ನಿಧಾನವಾಗಿ ಕಂಡುಕೊಳ್ಳುತ್ತಾನೆ. ಗಂತಿನಲ್ಲಿಯೂ ಮಂಜೊಟ್ಟಿಯಲ್ಲಿಯೂ ಒಂದೇ ಗಡಿಯಾರ ಕೇಳಿಸಿಕೊಂಡರೆ, ಅದು ದೆಹಲಿಗಿಂತ ಅರ್ಧ ಗಂಟೆ ಹಿಂದಿದ್ದರೂ ಚಿಂತೆಯಿಲ್ಲ. ಹದಿಮೂರು ಸೆಕೆಂಡುಗಳಲ್ಲಿ ಸ್ಫಟಿಕ ಮಾಡುವ ತಪ್ಪು ನೂರಂಶದ ಹತ್ತಿರವೂ ಸುಳಿಯುವುದಿಲ್ಲ. ಎರಡು ತುದಿಗೆ ಎರಡು ಯಂತ್ರಗಳನ್ನಿಟ್ಟು ಎರಡರ ಡೇಟನ್ನೂ ಕಳೆಯಹೊರಟರೆ ಮಾತ್ರ ಅವುಗಳ ಪರಸ್ಪರ ಜಗಳವೆಲ್ಲ ಕೋಣಗಳ ತಲೆಗೆ ಬರುತ್ತದೆ. ಅಷ್ಟೇ ಅಲ್ಲ; ಓಟದ ನಡುವೆ ಯಂತ್ರ ತನ್ನನ್ನು ತಾನು ತಿದ್ದಿಕೊಂಡು ಹಿಂದಕ್ಕೆ ಸರಿದರೆ, ಕೋಣಗಳು ಬಿಡುವ ಮೊದಲೇ ಮುಟ್ಟಿದವೆಂಬ ಫಲಿತಾಂಶವೂ ಬರಬಹುದು. ಆದುದರಿಂದ ಗಣಕಗಳಲ್ಲಿ ಎಂದೂ ಹಿಂದೆ ಸರಿಯದ, ತಾರೀಕನ್ನೇ ಅರಿಯದ ಬೇರೊಂದು ಎಣಿಕೆಯಿದೆ. ಓಟವನ್ನು ಅಳೆಯಬೇಕಾದುದು ಅದರಿಂದ.

“ಎರಡೇ ಅಂಕಿ ಸಾಕು ಅಜ್ಜ. ಆದರೆ ಕರೆಯ ಉದ್ದವನ್ನು ಇನ್ನೊಮ್ಮೆ ಟೇಪು ಹಿಡಿದು ಅಳೆಯಬೇಕು,” ಎಂದು ಅವನು ಫೋನಿನಲ್ಲಿ ಹೇಳುತ್ತಾನೆ.

“ಅದನ್ನು ನಾನೇ ಹೇಳುತ್ತಿದ್ದೆನಲ್ಲ ಮಗಾ, ನೀನು ಕೇಳಲೇ ಇಲ್ಲ,” ಎನ್ನುತ್ತಾರೆ ಅಜ್ಜ.

ಬಿಂದುವಿನ ಎಡಗಡೆಗೂ ಒಂದು ಗಂಡಾಂತರ ಕಾದಿದೆ. ಸೂಕ್ಷ್ಮತೆಯನ್ನು ಬಿಟ್ಟು ಪಡೆದ ಆಯುಸ್ಸಿಗೂ ಕೊನೆಯಿದೆಯಷ್ಟೆ. ಉಡುಪಿಯಲ್ಲಿ ಎರಡು ವರ್ಷಗಳಿಗೊಮ್ಮೆ ಜನವರಿ 18ರ ನಸುಕಿನಲ್ಲಿ ಪರ್ಯಾಯ ನಡೆಯುತ್ತದೆ. ಪೀಠವೇರುವ ಸ್ವಾಮಿಗಳು ಕಾಪುವಿನ ದಂಡತೀರ್ಥದಲ್ಲಿ ಮಿಂದು ಉಡುಪಿಗೆ ಬರುತ್ತಾರೆ; ಅಕ್ಷಯಪಾತ್ರೆಯೂ ಸಟ್ಟುಗವೂ ಕೈ ಬದಲಾಗುತ್ತವೆ. ಈಗಿನ ಕ್ರಮ ಮುಂದುವರಿದರೆ 2038ರ ಜನವರಿ 18ರಂದು ಕೃಷ್ಣಾಪುರ ಮಠದ ಸರದಿ. ಮರುದಿನ, 19ರಂದು ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ, ಹಳೆಯ ಮೂವತ್ತೆರಡು ಮನೆಗಳ ಎಣಿಕೆ ತುಂಬಿಹೋಗುತ್ತದೆ. ಹೊಸ ಯಂತ್ರಗಳಿಗೆ ಅರುವತ್ತನಾಲ್ಕು ಮನೆಗಳನ್ನು ಕೊಟ್ಟಿರುವುದರಿಂದ ಅವುಗಳಿಗೆ ಭಯವಿಲ್ಲ. ಯಾವುದೋ ಕಪಾಟಿನ ಮೂಲೆಯಲ್ಲಿ ಧೂಳು ಹಿಡಿದು ಕೆಲಸ ಮಾಡುತ್ತಿರುವ ಹಳೆಯ ಯಂತ್ರ ಮಾತ್ರ, ಮರುಸೆಕೆಂಡಿಗೆ 136 ವರ್ಷ ಹಿಂದಕ್ಕೆ ಹಾರಿ, ಇಂದಿನ ಭಾರತೀಯ ಕಾಲಮಾನದಲ್ಲಿ ಹೇಳುವುದಾದರೆ, 1901ರ ಡಿಸೆಂಬರ್ 14ರ ನಡುರಾತ್ರಿ 2 ಗಂಟೆ 15 ನಿಮಿಷ 52 ಸೆಕೆಂಡು ಎಂದು ನಂಬುತ್ತದೆ. ಕಾಪುವಿನಲ್ಲಿ ದೀಪಸ್ತಂಭ ಕಟ್ಟಿದ ವರ್ಷವದು. ಎರಡನೆಯ ಪೆಟ್ಟಿಗೆಗೆ ಇದರ ಸುಳಿವೇ ಹತ್ತುವುದಿಲ್ಲ. ಬಿಂದುವಿನ ಬಲಗಡೆಯ ಒಂಬತ್ತು ಅಂಕಿಗಳು ಆಗಲೂ ಎಂದಿನಂತೆ, ಒಂದು ಕಾಳೂ ತಪ್ಪದೆ, ಎಣಿಸುತ್ತಲೇ ಇರುತ್ತವೆ.